ಜೀವ ಉಳಿಯಿತು, ಮುಂದೇನು?



ಕೆಲವು ಪ್ರಶ್ನೆಗಳು ಕಷ್ಟದ ದಿನಗಳಲ್ಲಿ ಹುಟ್ಟುವುದಿಲ್ಲ. ಕಷ್ಟ ಕಳೆಯಿತು, ದೇವರು ಕೈಬಿಡಲಿಲ್ಲ ಎಂದು ಎಲ್ಲರೂ ಸಮಾಧಾನದ ಉಸಿರು ಬಿಟ್ಟ ಮೇಲೆ ಅವು ಮೆಲ್ಲನೆ ತಲೆ ಎತ್ತುತ್ತವೆ. ಮಿದುಳಿನ ಗಡ್ಡೆಯಿಂದ ಗುಣವಾದ ಮಕ್ಕಳ ತಂದೆತಾಯಿಯರು ಕೇಳುವ ಪ್ರಶ್ನೆ ಅಂಥದ್ದು.

ಆರೇಳು ವರ್ಷದ ಒಂದು ಮಗು ಎಂದುಕೊಳ್ಳಿ. ಬೆಳಿಗ್ಗೆ ಎದ್ದೊಡನೆ ತಲೆನೋವು, ವಾಂತಿ. ಮೊದಲು ಪಿತ್ತ ಎನ್ನುತ್ತಾರೆ, ಆಮೇಲೆ ಕಣ್ಣು ತೋರಿಸುತ್ತಾರೆ, ಯಾರೋ ದೃಷ್ಟಿ ತೆಗೆಯುತ್ತಾರೆ. ನಡೆಯುವಾಗ ಮಗು ಒಂದು ಕಡೆ ವಾಲತೊಡಗಿದ ಮೇಲೆ ಸ್ಕ್ಯಾನ್ ಆಗುತ್ತದೆ. ತಲೆಯ ಹಿಂಭಾಗದಲ್ಲಿ ಗಡ್ಡೆ. ಶಸ್ತ್ರಕ್ರಿಯೆ, ಅದರ ನಂತರ ಆರು ವಾರ ವಿಕಿರಣ ಚಿಕಿತ್ಸೆ. ನಮ್ಮ ಕಡೆಯ ಜನರ ಮಾತಿನಲ್ಲಿ ಹೇಳುವುದಾದರೆ ‘ಕರೆಂಟ್ ಕೊಡಿಸುವುದು’. ಧರ್ಮಕೇಂದ್ರದ ಮನೆಮನೆಗಳಲ್ಲಿ ಜಪಮಾಲೆ ನಡೆಯುತ್ತದೆ. ಮಗು ಉಳಿಯುತ್ತದೆ. ಕೃತಜ್ಞತಾ ಬಲಿಪೂಜೆಯಾಗುತ್ತದೆ, ಎಲ್ಲರ ಬಾಯಿಗೂ ಸಿಹಿ ಬೀಳುತ್ತದೆ.

ಎರಡು ಮೂರು ವರ್ಷ ಕಳೆಯುತ್ತವೆ. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಲೆಕ್ಕಕ್ಕೆ ಮಗುವಿಗೆ ಒಂದು ಗಂಟೆ ಬೇಕು. ಅಂಗಡಿಯಿಂದ ಮೂರು ಸಾಮಾನು ತಾ ಎಂದರೆ ಒಂದನ್ನು ತರುತ್ತದೆ. ಹಲಗೆಯ ಮೇಲಿನದನ್ನು ಬರೆದುಕೊಳ್ಳುವುದರೊಳಗೆ ಶಿಕ್ಷಕರು ಅಳಿಸಿರುತ್ತಾರೆ. ಜೊತೆಯವರು ಮುಂದಿನ ತರಗತಿಗೆ ಹೋಗುತ್ತಾರೆ, ಇವನು ಉಳಿಯುತ್ತಾನೆ. ಆಗ ತಾಯಿ ಕೇಳುತ್ತಾಳೆ: “ಫಾದರ್, ಹುಡುಗ ಉಳದಾನ, ಅದು ಖರೆ. ಆದ್ರ ಮೊದಲಿನ ಹುಡುಗ ಎಲ್ಲಿ ಹೋದ?”

ಈ ಮಾತಿನ ಹಿಂದೆ ಆಕೆ ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿದೆ: ಕರೆಂಟ್ ಕೊಡಿಸಿದ್ದೇ ತಪ್ಪಾಯಿತೇ? ಮಗನ ಬುದ್ಧಿಯನ್ನು ಮಾರಿ ನಾವು ಅವನ ಜೀವವನ್ನು ಕೊಂಡೆವೇ? ಈ ವಾರ ಈ ಪ್ರಶ್ನೆಯನ್ನು ನಾವು ನೇರವಾಗಿ ಎದುರಿಸೋಣ. ಇದು ಕೆಲವೇ ಮನೆಗಳ ಪ್ರಶ್ನೆ ಎಂದು ಪುಟ ತಿರುಗಿಸಬೇಡಿ. ಆ ಮನೆಗಳಿಗೆ ಉತ್ತರ ಕೊಡಬೇಕಾದವರು ನಾವೆಲ್ಲರೂ ಎಂಬುದೇ ಈ ಲೇಖನದ ಕೊನೆಯ ಮಾತು.

ಆಗಿದ್ದೇನು?

ಮಕ್ಕಳ ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾನ್ಸರ್ ಮೊದಲನೆಯದಾದರೆ, ಮಿದುಳಿನ ಗಡ್ಡೆಗಳದು ನಂತರದ ಸ್ಥಾನ. ಅವುಗಳಲ್ಲಿ ಹೆಚ್ಚು ಕಾಣುವ ಒಂದು ದುಷ್ಟ ಗಡ್ಡೆಗೆ ಮೆಡುಲ್ಲೊಬ್ಲಾಸ್ಟೋಮಾ ಎಂದು ಹೆಸರು. 1925ರಲ್ಲಿ ಬೈಲಿ ಮತ್ತು ಕುಶಿಂಗ್ ಎಂಬ ಅಮೆರಿಕದ ವೈದ್ಯರು ಅದನ್ನು ಗುರುತಿಸಿ ಹೆಸರಿಟ್ಟರು. ಆ ಕಾಲದಲ್ಲಿ ಶಸ್ತ್ರಕ್ರಿಯೆಯೊಂದರಿಂದಲೇ ಬದುಕಿ ಉಳಿದ ಮಗು ಇಲ್ಲವೆನ್ನುವಷ್ಟು ಅಪರೂಪ. ಈ ಗಡ್ಡೆಯ ಕಣಗಳು ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರಿನಲ್ಲಿ ತೇಲಿಹೋಗಿ ಬೇರೆಡೆ ಬೇರೂರುತ್ತವೆ. ಹಾಗಾಗಿ ಗಡ್ಡೆ ಇದ್ದ ಜಾಗಕ್ಕಷ್ಟೇ ವಿಕಿರಣ ಕೊಟ್ಟರೆ ಸಾಲದು, ಇಡೀ ಮಿದುಳಿಗೂ ಬೆನ್ನುಹುರಿಗೂ ಕೊಡಬೇಕು ಎಂದು ವೈದ್ಯರು ಕಂಡುಕೊಂಡರು. 1953ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ಎಡಿತ್ ಪ್ಯಾಟರ್ಸನ್ ಎಂಬ ವೈದ್ಯೆ ಮತ್ತು ಸಹೋದ್ಯೋಗಿ ಹೀಗೆ ಬದುಕಿದ ಮಕ್ಕಳ ವರದಿ ಕೊಟ್ಟಾಗ ಅದೊಂದು ಹೊಸ ಬಾಗಿಲು ತೆರೆದಂತಾಯಿತು. ಇಂದು ಹರಡದೆ ಇರುವ ಗಡ್ಡೆಗೆ ಪೂರ್ಣ ಚಿಕಿತ್ಸೆ ಸಿಕ್ಕರೆ, ದೊಡ್ಡ ಅಧ್ಯಯನಗಳಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಮಕ್ಕಳು ಐದು ವರ್ಷದ ನಂತರವೂ ಜೀವದಿಂದಿದ್ದಾರೆ. ಇದು ಸಣ್ಣ ಮಾತಲ್ಲ.

ಆದರೆ ಮಗುವಿನ ಮಿದುಳು ಬೆಳೆಯುತ್ತಿರುವ ಮಿದುಳು. ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ವರ್ಷದಿಂದ ವರ್ಷಕ್ಕೆ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ವಿದ್ಯುತ್ ತಂತಿಯ ಮೇಲಿನ ಹೊದಿಕೆಯಂತೆ ಎನ್ನಬಹುದು. ಸಂದೇಶಗಳು ಬೇಗ ಓಡುವುದು ಅದರಿಂದಲೇ. ವಿಕಿರಣವು ಗಡ್ಡೆಯ ಕಣಗಳ ಜೊತೆಗೆ ಈ ಹೊದಿಕೆಯನ್ನು ಕಟ್ಟುವ ಎಳೆಯ ಕಣಗಳಿಗೂ, ಸಣ್ಣ ರಕ್ತನಾಳಗಳಿಗೂ, ಹೊಸದನ್ನು ನೆನಪಿಡುವ ಭಾಗಕ್ಕೂ ಪೆಟ್ಟು ಕೊಡುತ್ತದೆ. ಪೆಟ್ಟು ಆ ದಿನವೇ ಕಾಣುವುದಿಲ್ಲ. ಒಂದು ವರ್ಷ, ಎರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲದ ಮೇಲೆ ಮಗುವಿನ ವೇಗ ತಗ್ಗಿರುವುದು, ಗಮನ ನಿಲ್ಲದಿರುವುದು, ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡಲಾಗದಿರುವುದು ಕಾಣತೊಡಗುತ್ತದೆ. ಮಗು ಎಷ್ಟು ಚಿಕ್ಕದೋ, ವಿಕಿರಣದ ಪ್ರಮಾಣ ಎಷ್ಟು ಹೆಚ್ಚೋ, ಮಿದುಳಿನ ಎಷ್ಟು ಭಾಗಕ್ಕೆ ಅದು ತಗಲುವುದೋ, ಅಷ್ಟರ ಮಟ್ಟಿಗೆ ಅಪಾಯ ಹೆಚ್ಚು. ಈ ಕಾರಣಕ್ಕೇ ಮೂರು ವರ್ಷದೊಳಗಿನ ಕೂಸುಗಳಿಗೆ ಮೊದಲು ಔಷಧಿ ಕೊಟ್ಟು, ವಿಕಿರಣವನ್ನು ಸಾಧ್ಯವಾದಷ್ಟು ಮುಂದೂಡಲು ಅಥವಾ ತಪ್ಪಿಸಲು ವೈದ್ಯರು ಯತ್ನಿಸುತ್ತಾರೆ.

ಎಲ್ಲವನ್ನೂ ವಿಕಿರಣದ ತಲೆಗೆ ಕಟ್ಟುವುದೂ ಸರಿಯಲ್ಲ. ಗಡ್ಡೆಯೇ ಮಾಡಿದ ಹಾನಿ, ತಲೆಯಲ್ಲಿ ನೀರು ತುಂಬಿದ್ದು, ಶಸ್ತ್ರಕ್ರಿಯೆ, ಔಷಧಿಗಳಿಂದ ಕುಗ್ಗಿದ ಕಿವಿ, ತಿಂಗಳುಗಟ್ಟಲೆ ತಪ್ಪಿದ ಶಾಲೆ, ಇವೂ ಸೇರಿರುತ್ತವೆ. ಹಾರ್ಮೋನುಗಳ ಕೊರತೆಯೂ ಬರಬಹುದು. ಥೈರಾಯ್ಡ್ ಕಡಿಮೆಯಾದ ಮಗು ದಿನವಿಡೀ ಮಂಕಾಗಿ ಕೂತರೆ ಅದು ಸೋಮಾರಿತನವಲ್ಲ. ದಿನಕ್ಕೊಂದು ಮಾತ್ರೆಯಿಂದ ಸರಿಹೋಗಬಹುದಾದ ತೊಂದರೆ ಅದು.

ಅಮೆರಿಕದ ಮೆಂಫಿಸ್ ನಗರದಲ್ಲಿ ಸಂತ ಜೂಡರ ಹೆಸರಿನ ಮಕ್ಕಳ ಆಸ್ಪತ್ರೆಯಿದೆ. ಡ್ಯಾನಿ ಥಾಮಸ್ ಎಂಬ ಕಥೋಲಿಕ ಕಲಾವಿದರು ಆ ಸಂತರಿಗೆ ಹೊತ್ತ ಹರಕೆಯಿಂದ 1962ರಲ್ಲಿ ಅದು ಆರಂಭವಾಯಿತು. ಮೆಡುಲ್ಲೊಬ್ಲಾಸ್ಟೋಮಾದಿಂದ ಗುಣವಾದ 44 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಅಲ್ಲಿನ ವಿದ್ವಾಂಸರು 2001ರಲ್ಲಿ ಒಂದು ಮುಖ್ಯ ಸಂಗತಿಯನ್ನು ತಿಳಿಸಿದರು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಈ ಮಕ್ಕಳ ಅಂಕ ಇಳಿಯುತ್ತಾ ಹೋಗಿತ್ತು. ಆದರೆ ಅವರು ಕಲಿತಿದ್ದನ್ನು ಕಳೆದುಕೊಂಡಿರಲಿಲ್ಲ. ಅವರು ಕಲಿಯುತ್ತಲೇ ಇದ್ದರು, ಓರಗೆಯವರಿಗಿಂತ ನಿಧಾನವಾಗಿ. ಪರೀಕ್ಷೆಯು ವಯಸ್ಸಿಗೆ ಹೋಲಿಸಿ ಅಳೆಯುವುದರಿಂದ ಅಂತರ ಹೆಚ್ಚುತ್ತಾ ಹೋಯಿತು, ಅಷ್ಟೆ.

ತಾಯಂದಿರೇ, ಇದನ್ನು ಇನ್ನೊಮ್ಮೆ ಓದಿ. ನಿಮ್ಮ ಮಗ ಹಿಂದಕ್ಕೆ ಹೋಗುತ್ತಿಲ್ಲ. ಮುಂದಕ್ಕೇ ನಡೆಯುತ್ತಿದ್ದಾನೆ, ನಿಧಾನವಾಗಿ. ಈ ವ್ಯತ್ಯಾಸದ ಮೇಲೆ ಮುಂದೆ ನಾವು ಆಡುವ ಎಲ್ಲ ಮಾತೂ ನಿಂತಿದೆ.

ನಾವು ಮಾಡಿದ್ದು ತಪ್ಪೇ?

ಒಂದೇ ಕಾರ್ಯದಿಂದ ಒಳಿತೂ ಕೆಡುಕೂ ಹುಟ್ಟುವಾಗ ಏನು ಮಾಡಬೇಕು? ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಆತ್ಮರಕ್ಷಣೆಯ ಬಗ್ಗೆ ಚರ್ಚಿಸುವಾಗ ಇದಕ್ಕೆ ಬುನಾದಿ ಹಾಕಿದರು. ನಂತರದ ನೀತಿಶಾಸ್ತ್ರಜ್ಞರು ಅದನ್ನು ನಾಲ್ಕು ಷರತ್ತುಗಳಾಗಿ ಬಿಡಿಸಿದರು. ಕಾರ್ಯವು ತನ್ನಷ್ಟಕ್ಕೆ ಕೆಟ್ಟದ್ದಾಗಿರಬಾರದು. ಉದ್ದೇಶ ಒಳಿತೇ ಆಗಿರಬೇಕು. ಕೆಡುಕು ಒಳಿತನ್ನು ಪಡೆಯುವ ಸಾಧನವಾಗಿರಬಾರದು. ಮತ್ತು ಕೆಡುಕನ್ನು ಸಹಿಸಲು ತಕ್ಕಷ್ಟು ಗುರುತರವಾದ ಕಾರಣವಿರಬೇಕು.

ನಿಮ್ಮ ನಿರ್ಧಾರವನ್ನು ಈ ನಾಲ್ಕರ ಮುಂದೆ ಇಟ್ಟು ನೋಡಿ. ಚಿಕಿತ್ಸೆ ಕೊಡಿಸುವುದು ಒಳ್ಳೆಯ ಕೆಲಸ. ನೀವು ಬಯಸಿದ್ದು ಮಗುವಿನ ಜೀವವನ್ನು. ಆರೋಗ್ಯವಂತ ಕಣಗಳಿಗೆ ಬಿದ್ದ ಪೆಟ್ಟಿನಿಂದ ಕ್ಯಾನ್ಸರ್ ಗುಣವಾಗಲಿಲ್ಲ. ಕ್ಯಾನ್ಸರಿನ ಕಣಗಳಿಗೆ ಬಿದ್ದ ಪೆಟ್ಟಿನಿಂದ ಗುಣವಾಯಿತು. ಇನ್ನೊಂದು ಕಿರಣದ ದಾರಿಯಲ್ಲಿ ಸಿಕ್ಕ ಹಾನಿ. ಕಾರಣವೋ, ಸಾವು ಬಾಗಿಲಲ್ಲಿ ನಿಂತಿತ್ತು. ಆದ್ದರಿಂದ ಬುದ್ಧಿಯನ್ನು ಮಾರಿ ಜೀವ ಕೊಂಡೆವು ಎಂಬ ಮಾತು ಸತ್ಯವಲ್ಲ. ಮಾರಾಟದಲ್ಲಿ ಮಾರುವವನಿಗೆ ಕೊಡುವ ಮನಸ್ಸಿರುತ್ತದೆ. ನೀವು ಏನನ್ನೂ ಕೊಡಲು ಬಯಸಲಿಲ್ಲ, ತಡೆಯಲಾಗದ್ದನ್ನು ಸಹಿಸಿಕೊಂಡಿರಿ.

ವಿಕಿರಣವನ್ನು ಇನ್ನೂ ಕಡಿಮೆ ಮಾಡಬಹುದಿತ್ತಲ್ಲವೇ ಎಂದು ನೀವು ಕೇಳಬಹುದು. ವೈದ್ಯರೂ ಇದನ್ನೇ ಕೇಳಿಕೊಂಡರು. ಮೊದಲು ಇಡೀ ಮಿದುಳು ಮತ್ತು ಬೆನ್ನುಹುರಿಗೆ 36 ಗ್ರೇ ಎಂಬ ಪ್ರಮಾಣ ಕೊಡುತ್ತಿದ್ದರು. ರೋಗ ಹರಡದ ಮಕ್ಕಳಲ್ಲಿ, ಔಷಧಿಯ ಜೊತೆ, ಅದನ್ನು 23.4ಕ್ಕೆ ಇಳಿಸಿದರು. ಮಕ್ಕಳು ಉಳಿದರು. ಇನ್ನೂ ಇಳಿಸಬಹುದೇ ಎಂದು ಅಮೆರಿಕ ಮೊದಲಾದ ದೇಶಗಳಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಸಿ, ಮೂರರಿಂದ ಏಳು ವರ್ಷದ ಮಕ್ಕಳಲ್ಲಿ ಕೆಲವರಿಗೆ 23.4, ಕೆಲವರಿಗೆ 18 ಗ್ರೇ ಕೊಟ್ಟು ನೋಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಡಿಮೆ ವಿಕಿರಣ ಪಡೆದ ಮಕ್ಕಳ ಬುದ್ಧಿಶಕ್ತಿ ಹೆಚ್ಚು ಚೆನ್ನಾಗಿ ಉಳಿದಿತ್ತು. ಆದರೆ ಐದು ವರ್ಷದ ನಂತರ ರೋಗ ಮರುಕಳಿಸದೆ ಇದ್ದವರು ಒಂದು ಗುಂಪಿನಲ್ಲಿ ನೂರಕ್ಕೆ ಸುಮಾರು 83, ಕಡಿಮೆ ಪಡೆದ ಗುಂಪಿನಲ್ಲಿ ಸುಮಾರು 71. ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ತಿಳಿಯಿತು: ಗಡ್ಡೆಯಿದ್ದ ಜಾಗಕ್ಕೆ ಕೊಡುವ ಹೆಚ್ಚುವರಿ ವಿಕಿರಣದ ವಿಸ್ತಾರವನ್ನು ಕುಗ್ಗಿಸಿದರೆ ಜೀವಕ್ಕೆ ನಷ್ಟವಾಗುವುದಿಲ್ಲ. ಎಲ್ಲಿ ಕಡಿಮೆ ಮಾಡಬಹುದು, ಎಲ್ಲಿ ಮಾಡಬಾರದು ಎಂಬ ಗೆರೆಯನ್ನು ವಿಜ್ಞಾನ ಹೀಗೆ ಹೆಜ್ಜೆ ಹೆಜ್ಜೆಯಾಗಿ ಎಳೆಯುತ್ತಿದೆ.

ನಮ್ಮ ದೇಶವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಿಧಾನವಾಗಿ ಬೆಳೆಯುವ ಮಿದುಳಿನ ಗಡ್ಡೆಗಳಿದ್ದ 3ರಿಂದ 25 ವರ್ಷದ 200 ರೋಗಿಗಳನ್ನು ಎರಡು ಗುಂಪು ಮಾಡಿ, ಅರ್ಧ ಜನರಿಗೆ ಗಡ್ಡೆಯ ಆಕಾರಕ್ಕೆ ಹೊಂದಿಸಿ ನಿಖರವಾಗಿ ಗುರಿಯಿಟ್ಟ ವಿಕಿರಣವನ್ನು ಕೊಟ್ಟರು. 2017ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ನಿಖರ ವಿಕಿರಣ ಪಡೆದವರ ಬುದ್ಧಿಶಕ್ತಿ ಐದು ವರ್ಷಗಳಲ್ಲಿ ಉತ್ತಮವಾಗಿ ಉಳಿದಿತ್ತು, ಹಾರ್ಮೋನು ತೊಂದರೆಯೂ ಕಡಿಮೆ, ಜೀವ ಉಳಿದ ಪ್ರಮಾಣ ಎರಡೂ ಕಡೆ ಸಮವಾಗಿತ್ತು. ಆರೋಗ್ಯವಂತ ಭಾಗವನ್ನು ಇನ್ನಷ್ಟು ಕಾಪಾಡಬಲ್ಲ ಪ್ರೋಟಾನ್ ಚಿಕಿತ್ಸೆ 2019ರಲ್ಲಿ ಚೆನ್ನೈಗೆ ಬಂತು. ಅದರ ವೆಚ್ಚ ಮಾತ್ರ ನಮ್ಮಂಥವರ ಕೈಗೆ ಎಟುಕುವುದು ಕಷ್ಟ. ಕೆಡುಕನ್ನು ತಾವು ಬಯಸಲಿಲ್ಲ ಎನ್ನುವವರು ಅದನ್ನು ಕಡಿಮೆ ಮಾಡಲು ದುಡಿಯುತ್ತಾರೆ. ಉದ್ದೇಶ ಶುದ್ಧ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಲೇಖನ ಓದಿ ಯಾರೂ ನಡೆಯುತ್ತಿರುವ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು. ಧರ್ಮಸಭೆಯ ಬೋಧನೆಯಲ್ಲಿ, ಪೋಪ್ ಹನ್ನೆರಡನೇ ಪಯಸ್‌ರವರು 1957ರಲ್ಲಿ ವೈದ್ಯರಿಗೆ ಹೇಳಿದಂದಿನಿಂದಲೂ, ಫಲಕ್ಕೆ ಮೀರಿದ ಭಾರ ಹೊರಿಸುವ ಅಸಾಧಾರಣ ಚಿಕಿತ್ಸೆಯನ್ನು ನಿರಾಕರಿಸಲು ಅವಕಾಶವಿದೆ ನಿಜ. ಆದರೆ ಗುಣವಾಗುವ ಸಾಧ್ಯತೆ ಇಷ್ಟು ದೊಡ್ಡದಿರುವಾಗ, ಮುಂದೆ ಮಗು ನಿಧಾನವಾದೀತು ಎಂಬ ಭಯ ಚಿಕಿತ್ಸೆ ನಿಲ್ಲಿಸಲು ತಕ್ಕ ಕಾರಣವಾಗದು. ನಿಧಾನವಾಗಿ ನಡೆಯುವ ಮಗುವಿನ ಕೈ ಹಿಡಿಯಬಹುದು. ಇಲ್ಲದ ಮಗುವಿನ ಕೈ ಹಿಡಿಯುವುದು ಹೇಗೆ?

ಮೊದಲೇ ಹೇಳಬೇಕಾದ ಮಾತು

“ನಮಗೆ ಯಾರೂ ಹೇಳಲಿಲ್ಲ” ಎಂದು ಅನೇಕ ತಂದೆತಾಯಿಯರು ನೊಂದುಕೊಳ್ಳುತ್ತಾರೆ. ವೈದ್ಯರು ಹೇಳಿದ್ದರೂ ಆ ಗಾಬರಿಯಲ್ಲಿ ಕಿವಿಗೆ ಬಿದ್ದಿರಲಾರದು. ಕೆಲವು ಕಡೆ, ಎಲ್ಲಿ ಹೆದರಿ ಓಡಿಹೋಗುತ್ತಾರೋ ಎಂದು ಹೇಳದೆಯೂ ಬಿಟ್ಟಿರಬಹುದು. ಹೇಳಿದ್ದರೆ ನೀವು ಬೇರೆ ನಿರ್ಧಾರ ಮಾಡುತ್ತಿದ್ದಿರಾ? ಬಹುಶಃ ಇಲ್ಲ. ಆದರೆ ಅದರ ಮುಂದಿನ ವರ್ಷಗಳು ಬೇರೆಯಾಗುತ್ತಿದ್ದವು. ನಿಧಾನವಾದ ಮಗುವನ್ನು ಮೈಗಳ್ಳ ಎಂದು ಬೈಯುತ್ತಿರಲಿಲ್ಲ. ಇನ್ನೊಂದು ಟ್ಯೂಶನ್ನಿಗೆ ಹಾಕುತ್ತಿರಲಿಲ್ಲ. ಅಕ್ಕನೊಡನೆ ಹೋಲಿಸುತ್ತಿರಲಿಲ್ಲ. ಸತ್ಯ ಹೇಳಬೇಕಾದದ್ದು ಇದಕ್ಕಾಗಿ. ನಿರ್ಧಾರ ಬದಲಾಗದಿದ್ದರೂ ನಿರ್ಧಾರದ ನಂತರ ಬಾಳುವ ರೀತಿ ಸತ್ಯದಿಂದ ಬದಲಾಗುತ್ತದೆ. ವೈದ್ಯ ವೃತ್ತಿಯಲ್ಲಿರುವ ನಮ್ಮ ಸಹೋದರ ಸಹೋದರಿಯರು ಇದನ್ನು ದಯವಿಟ್ಟು ಗಮನಿಸಬೇಕು. ಚಿಕಿತ್ಸೆ ಮುಗಿದ ದಿನ ಇನ್ನೊಮ್ಮೆ ಶಾಂತವಾಗಿ ಕೂರಿಸಿಕೊಂಡು, ಅವರ ಮಾತಿನಲ್ಲೇ ತಿಳಿಸಬೇಕು.

ಮೊದಲಿನ ಹುಡುಗ ಎಲ್ಲಿ?

ಈಗ ತಾಯಿಯ ಪ್ರಶ್ನೆಗೆ ಬರೋಣ. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ನಮಗೆಲ್ಲ ಕಲಿಸುವ ಒಂದು ವ್ಯಾಖ್ಯೆಯಿದೆ. 6ನೇ ಶತಮಾನದ ಬೊಯೆಥಿಯಸ್ ಎಂಬ ಚಿಂತಕರು, ವಿವೇಕದ ಸ್ವಭಾವವುಳ್ಳ ಒಂದೊಂದು ಪ್ರತ್ಯೇಕ ಜೀವವನ್ನೂ ವ್ಯಕ್ತಿ ಎಂದರು. ಇದನ್ನು ತಪ್ಪಾಗಿ ಓದಿದರೆ ದೊಡ್ಡ ಅನಾಹುತ. ವಿವೇಕವೇ ವ್ಯಕ್ತಿತ್ವವಾದರೆ ಬುದ್ಧಿ ಕುಗ್ಗಿದಷ್ಟೂ ವ್ಯಕ್ತಿ ಕುಗ್ಗಬೇಕಲ್ಲವೇ ಎಂದು ಲೋಕ ಲೆಕ್ಕ ಹಾಕುತ್ತದೆ. ಆದರೆ ವ್ಯಾಖ್ಯೆ ಹೇಳುವುದು ಸ್ವಭಾವದ ಬಗ್ಗೆ. ಆ ಸ್ವಭಾವ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂಬುದು ಬೇರೆ ಮಾತು. ಗಾಢ ನಿದ್ರೆಯಲ್ಲಿರುವ ಪಂಡಿತ ವ್ಯಕ್ತಿಯಾಗಿಯೇ ಇರುತ್ತಾನೆ. ತೊಟ್ಟಿಲ ಕೂಸು ಪೂರ್ಣ ವ್ಯಕ್ತಿ. ಇಲ್ಲವಾದರೆ ನಾವು ಅದಕ್ಕೆ ಜ್ಞಾನಸ್ನಾನ ಕೊಡುತ್ತಿದ್ದೆವೇ? 2024ರಲ್ಲಿ ರೋಮಿನಿಂದ ಬಂದ ಮಾನವ ಘನತೆಯ ಘೋಷಣೆಯೂ ಇದನ್ನೇ ಒತ್ತಿ ಹೇಳಿದೆ: ಮನುಷ್ಯನ ಇರುವಿಕೆಯಲ್ಲೇ ಇರುವ ಘನತೆಯನ್ನು ಯಾವ ಪರಿಸ್ಥಿತಿಯೂ ಕಿತ್ತುಕೊಳ್ಳಲಾರದು.

ಇನ್ನೂ ಒಂದು ಮಾತಿದೆ. ಬಾಲ ಯೇಸು ವಯಸ್ಸಿನ ಜೊತೆಗೆ ಜ್ಞಾನದಲ್ಲೂ ಬೆಳೆದರೆಂದು ಸಂತ ಲೂಕರು ತಮ್ಮ ಶುಭಸಂದೇಶದಲ್ಲಿ ಬರೆದಿದ್ದಾರೆ. ದೇವಪುತ್ರರಿಗೆ ಕಲಿಯುವುದಾದರೂ ಏನಿತ್ತು ಎಂದು ಹಿಂದಿನವರು ತಲೆ ಕೆರೆದುಕೊಂಡರು. ಸಂತ ಥಾಮಸರು ಮೊದಲು ಒಂದು ರೀತಿ ಬರೆದು, ಆಮೇಲೆ ತಮ್ಮ ಅಭಿಪ್ರಾಯ ಬದಲಿಸಿ, ಕ್ರಿಸ್ತರು ಮನುಷ್ಯರಾಗಿ ಅನುಭವದಿಂದ ನಿಜವಾಗಿಯೂ ಜ್ಞಾನ ಗಳಿಸಿದರು ಎಂದು ಒಪ್ಪಿಕೊಂಡರು. ಇದರ ಅರ್ಥವೇನು? ದೇವರು ಮನುಷ್ಯರ ನಡುವೆ ಬಂದಾಗ ಮನುಷ್ಯರ ನಿಧಾನವನ್ನೂ ಒಪ್ಪಿಕೊಂಡರು. ಬಹಿರಂಗವಾಗಿ ಬೋಧಿಸುವ ಮೊದಲು ಸುಮಾರು ಮೂವತ್ತು ವರ್ಷ ಅವರು ಸದ್ದಿಲ್ಲದೆ ಬೆಳೆದರು. ನಜರೇತಿನ ಮನೆಯಲ್ಲಿ ಯಾರಿಗೂ ಅವಸರವಿರಲಿಲ್ಲ.

ತಲೆಂತುಗಳ ಸಾಮತಿಯೂ ನಿಮಗೆ ಗೊತ್ತು. ಐದು ಪಡೆದವನು ಐದನ್ನು ಗಳಿಸಿದ, ಎರಡು ಪಡೆದವನು ಎರಡನ್ನು. ಒಡೆಯ ಇಬ್ಬರಿಗೂ ಹೇಳಿದ ಮೆಚ್ಚುಗೆಯ ಮಾತು ಒಂದೇ, ಒಂದಕ್ಷರವೂ ಕಡಿಮೆಯಿಲ್ಲ. ನಮ್ಮ ಶಾಲೆಯ ಪ್ರಗತಿಪತ್ರದಲ್ಲಿ ಹಾಗೆ ನಡೆಯುವುದಿಲ್ಲ, ದೇವರಲ್ಲಿ ನಡೆಯುತ್ತದೆ.

ಹೀಗೆಂದು ನಷ್ಟವೇ ಇಲ್ಲ ಎಂದು ಹೇಳಬಾರದು. ನಷ್ಟ ಇದೆ. ಡಾಕ್ಟರಾಗುತ್ತೇನೆ ಎನ್ನುತ್ತಿದ್ದ ಮಗುವಿಗೆ ಈಗ ಹತ್ತನೆಯ ತರಗತಿಯೇ ಬೆಟ್ಟ. ಎಲ್ಲರಿಗಿಂತ ಚೆನ್ನಾಗಿ ಅದು ಗೊತ್ತಿರುವುದು ಮಗುವಿಗೇ. ಗೆಳೆಯರು ನಗುವಾಗ ಏಕೆ ನಗುತ್ತಿದ್ದಾರೆಂದು ತಿಳಿಯುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ. ಇಂಥ ಮನೆಗೆ ಹೋಗಿ “ದೇವರ ಇಚ್ಛೆ” ಎಂದು ಸುಲಭವಾಗಿ ಹೇಳಬೇಡಿ. ಹುಟ್ಟುಕುರುಡನನ್ನು ಕಂಡು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗ ಪ್ರಭುಗಳು ಆ ಪ್ರಶ್ನೆಯನ್ನೇ ತಳ್ಳಿಹಾಕಿ ಕೆಲಸಕ್ಕೆ ಕೈ ಹಾಕಿದರು. ಅಳುವ ತಾಯಿಗೆ ಅಳಲು ಬಿಡಿ. ಸತ್ತವರಿಗಾಗಿ ಅಳಲು ನಮ್ಮಲ್ಲಿ ವಿಧಿಯಿದೆ, ದಿನಗಳಿವೆ. ಬದುಕಿರುವ ಮಗನ ಮೊದಲಿನ ಚುರುಕಿಗಾಗಿ ಅಳಲು ಯಾರೂ ಜಾಗ ಕೊಡುವುದಿಲ್ಲ. “ಉಳಿದಿದ್ದಾನಲ್ಲ, ಸಾಕು” ಎಂದು ಬಾಯಿ ಮುಚ್ಚಿಸುತ್ತೇವೆ.

ಮೊದಲಿನ ಹುಡುಗ ಎಲ್ಲಿಗೂ ಹೋಗಿಲ್ಲ, ತಾಯಿ. ಅವನು ನಿಮ್ಮ ಹಿಂದೆಯೇ ಬರುತ್ತಿದ್ದಾನೆ. ನಾವು ಬೇಗ ನಡೆದುಬಿಟ್ಟಿದ್ದೇವೆ.

ಹೌದು ಎಂದವರ ಹೊಣೆ

ಇಲ್ಲಿಗೆ ಮುಖ್ಯ ಮಾತು ಬಂತು. ಆ ಮಗು ಉಳಿಯಲಿ ಎಂದು ಪ್ರಾರ್ಥಿಸಿದವರು ತಂದೆತಾಯಿ ಇಬ್ಬರೇ ಅಲ್ಲ. ನಾವೆಲ್ಲ ಪ್ರಾರ್ಥಿಸಿದೆವು, ಹಣ ಕೂಡಿಸಿದೆವು, ಧೈರ್ಯ ಹೇಳಿದೆವು. ಉಳಿದಾಗ ಅದ್ಭುತ ಎಂದೆವು. ಜೀವಕ್ಕೆ ಹೌದು ಎಂದವರು ಆ ಜೀವದ ನಿಧಾನಕ್ಕೂ ಹೌದು ಎನ್ನಬೇಕು. ಆರು ವಾರದ ಚಿಕಿತ್ಸೆಗೆ ಜೊತೆಯಾಗಿ, ಅರವತ್ತು ವರ್ಷದ ಬದುಕಿಗೆ ಬೆನ್ನು ತಿರುಗಿಸುವುದು ನ್ಯಾಯವಲ್ಲ. ಹಾಗಾದರೆ ಇಲ್ಲಿ ಅಪರಾಧ ಯಾರದೂ ಅಲ್ಲ, ಆದರೆ ಋಣ ಎಲ್ಲರದು.

ಈ ಋಣ ನಮ್ಮ ಭಾಗದಲ್ಲಿ ಹೆಚ್ಚು ಭಾರವಾದದ್ದು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ, ಅದು ದೊಡ್ಡ ಉಪಕಾರ. ಆದರೂ ಮಗುವಿನ ಮಿದುಳಿನ ಗಡ್ಡೆ ಎಂದೊಡನೆ ಜನ ಬೆಂಗಳೂರು, ಹೈದರಾಬಾದ್, ಮುಂಬಯಿ ಎಂದು ಓಡುತ್ತಾರೆ. 2017ರಲ್ಲಿ ಬೀದರ್ ಮಾರ್ಗ ಪೂರ್ಣಗೊಂಡು ಕಮಲಾಪುರಕ್ಕೂ ರೈಲು ಬಂತು. ಆದರೆ ಕಮಲಾಪುರದ ಮನೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಈಗಲೂ ಒಂದು ರಾತ್ರಿಯ ಪಯಣ, ಎರಡು ದಿನದ ಕೂಲಿ. ರೋಗ ಹೋಯಿತಲ್ಲ ಎಂದು ಮರುತಪಾಸಣೆಗೆ ಹೋಗುವುದನ್ನು ನಿಲ್ಲಿಸಿಬಿಡುತ್ತಾರೆ. ಬುದ್ಧಿಯ ಹಾನಿ ಕಾಣಿಸಿಕೊಳ್ಳುವುದು ಸರಿಯಾಗಿ ಆ ಹೊತ್ತಿಗೇ.

ಶಾಲೆಯ ಕಡೆ ನೋಡಿದರೆ ಅಲ್ಲಿಯೂ ಅವಸರ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದ ಪಟ್ಟಿಯ ಕೊನೆಯಲ್ಲಿ ನಿಂತಿತು. ಫಲಿತಾಂಶ ಏರಿಸಬೇಕೆಂಬ ಒತ್ತಡ ಹೆಚ್ಚಿದಷ್ಟೂ ನಿಧಾನದ ಮಗು ಯಾರಿಗೂ ಬೇಡವಾಗುವ ಅಪಾಯ ಹೆಚ್ಚುತ್ತದೆ. ನಮ್ಮ ಧರ್ಮಪ್ರಾಂತ್ಯದ ಶಾಲೆಗಳನ್ನು ನಡೆಸುವ ಗುರುಗಳು ಮತ್ತು ಧರ್ಮಭಗಿನಿಯರು ಈ ಪ್ರಲೋಭನೆಗೆ ಒಳಗಾಗಬಾರದು.

ಕಮಲಾಪುರದ ಕೆಂಬಾಳೆಯನ್ನು ಯಾರು ತಿಳಿಯರು? ಭೌಗೋಳಿಕ ಮಾನ್ಯತೆ ಪಡೆದ ಹಣ್ಣು ಅದು. ಬೇರೆ ಬಾಳೆ ಸುಮಾರು ಒಂದು ವರ್ಷದಲ್ಲಿ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷದವರೆಗೆ ಕಾಯಿಸುತ್ತದೆ. ಕಾಯುವಷ್ಟು ದಿನವೂ ನೀರು, ಗೊಬ್ಬರ ಕೊಡಬೇಕು. ತಡವಾಯಿತೆಂದು ಯಾವ ರೈತನೂ ಗಿಡಕ್ಕೆ ಹೊಡೆಯುವುದಿಲ್ಲ, ಪಕ್ಕದ ಹೊಲದ ಬಾಳೆಯನ್ನು ತೋರಿಸಿ ಹೀಯಾಳಿಸುವುದೂ ಇಲ್ಲ. ಬೆಳೆಗೆ ತೋರುವ ತಾಳ್ಮೆಯನ್ನು ಮಗುವಿಗೆ ತೋರಲಾರೆವೇ?

ನಾವು ಮಾಡಬಹುದಾದದ್ದು ಇಷ್ಟು:

ತಂದೆತಾಯಿಯರು ಮರುತಪಾಸಣೆಯನ್ನು ತಪ್ಪಿಸಬಾರದು. ಕಣ್ಣು, ಕಿವಿ, ಥೈರಾಯ್ಡ್, ಬೆಳವಣಿಗೆ, ಇವುಗಳ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ನಿಮ್ಹಾನ್ಸ್‌ನಂಥ ಕಡೆ ಮಗುವಿನ ಗಮನ, ನೆನಪು, ವೇಗಗಳನ್ನು ಅಳೆಯುವ ಪರೀಕ್ಷೆ ಮಾಡುತ್ತಾರೆ. ಮಗುವಿಗೆ ಏನು ಬರುತ್ತದೆ, ಎಲ್ಲಿ ಸಹಾಯ ಬೇಕು ಎಂದು ಅದು ತೋರಿಸಿಕೊಡುತ್ತದೆ. ಮನೆಯಲ್ಲಿ ಒಮ್ಮೆಗೆ ಒಂದೇ ಕೆಲಸ ಹೇಳಿ. ದಿನಚರಿಯನ್ನು ಗೋಡೆಯ ಮೇಲೆ ಬರೆದು ಹಾಕಿ. ಮನೆಯ ಬೇರೆ ಮಕ್ಕಳಿಗೂ ವಿಷಯ ತಿಳಿಸಿ, ಅವರ ಪಾಲಿನ ಪ್ರೀತಿಯನ್ನು ಕಡಿಮೆ ಮಾಡಬೇಡಿ.

ಶಿಕ್ಷಕರು ಆ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಲಿ. ಹಲಗೆಯಿಂದ ಬರೆದುಕೊಳ್ಳುವ ಬದಲು ಬರೆದದ್ದನ್ನೇ ಕೊಡಲಿ. ಹತ್ತು ಲೆಕ್ಕದ ಬದಲು ನಾಲ್ಕು ಸಾಕು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಲಿ. ಇದು ಕರುಣೆಯ ಭಿಕ್ಷೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ನಿಗದಿತ ಮಟ್ಟದ ವೈಕಲ್ಯಕ್ಕೆ ಪ್ರಮಾಣಪತ್ರ ಪಡೆದ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ವಿಶೇಷ ಅಗತ್ಯದ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು ಮುಂತಾದ ರಿಯಾಯಿತಿಗಳಿವೆ. ಅರ್ಜಿ ಬರೆಯಲು ಬಾರದ ತಂದೆತಾಯಿಗೆ ಧರ್ಮಕೇಂದ್ರದ ಯುವಕರು ಒಂದು ಮಧ್ಯಾಹ್ನ ಕೊಡಲಾರರೇ?

ಧರ್ಮೋಪದೇಶ ಕಲಿಸುವವರಿಗೂ ಒಂದು ಮಾತು. ಪ್ರಾರ್ಥನೆಗಳನ್ನು ತಪ್ಪಿಲ್ಲದೆ ಒಪ್ಪಿಸಲಾರ ಎಂದು ಇಂಥ ಮಗುವಿನ ಮೊದಲ ಪರಮಪ್ರಸಾದವನ್ನು ವರ್ಷದಿಂದ ವರ್ಷಕ್ಕೆ ಮುಂದೂಡಬೇಡಿ. ಸಂತ ಹತ್ತನೇ ಪಯಸ್‌ರವರು 1910ರಲ್ಲಿಯೇ ಪುಟ್ಟ ಮಕ್ಕಳಿಗೆ ಬಲಿಪೀಠದ ದಾರಿ ತೆರೆದರು. ಧರ್ಮಸಭೆ ಕೇಳುವುದು ಮಗುವಿನ ಶಕ್ತಿಗೆ ತಕ್ಕ ಅರಿವನ್ನು. ಇದು ಬರಿಯ ರೊಟ್ಟಿಯಲ್ಲ, ಯೇಸು ಎಂದು ತಿಳಿದು ಕೈಚಾಚುವ ಮಗುವಿಗೆ, ದೊಡ್ಡವರಾದ ನಮ್ಮಲ್ಲಿ ಅನೇಕರಿಗಿಂತ ಹೆಚ್ಚು ತಿಳಿದಿದೆ.

ಪ್ರಿಯರೇ, ಹಣ ಇಲ್ಲದವರು ಹಣ ಕೊಡಲಾರರು. ವೈದ್ಯರಲ್ಲದವರು ಗುಣಪಡಿಸಲಾರರು. ಆದರೆ ಈ ಮಕ್ಕಳಿಗೆ ಬೇಕಾದದ್ದು ಬಡವರ ಬಳಿಯೂ ಇರುವ ವಸ್ತು: ಕಾಲ. ಮಾತು ಮುಗಿಸುವವರೆಗೆ ಕಾಯುವಷ್ಟು ಕಾಲ, ಮೂರನೆಯ ಸಲ ಹೇಳಿಕೊಡುವಷ್ಟು ಕಾಲ. ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಂಥ ಒಂದು ಮಗುವಿನ ಪಕ್ಕದಲ್ಲಿ ನಿಂತು ಒಂದು ಪ್ರಶ್ನೆ ಕೇಳಿ. ಉತ್ತರ ಬರುವವರೆಗೆ ಅಲ್ಲೇ ನಿಲ್ಲಿ.

ಪ್ರಾರ್ಥಿಸೋಣ: ಪ್ರಭುವೇ, ನೀನು ಉಳಿಸಿಕೊಟ್ಟ ಮಕ್ಕಳ ಹೆಜ್ಜೆಗೆ ನಮ್ಮ ಹೆಜ್ಜೆಯನ್ನು ಹೊಂದಿಸಿಕೊಳ್ಳಲು ಕಲಿಸು. ಅವರ ತಂದೆತಾಯಿಯರ ಎದೆಯಿಂದ ತಪ್ಪಿತಸ್ಥರೆಂಬ ಭಾರವನ್ನು ಇಳಿಸಿ, ಅದರಲ್ಲಿ ಸ್ವಲ್ಪ ಭಾರವನ್ನು ಜವಾಬ್ದಾರಿಯಾಗಿ ನಮ್ಮ ಹೆಗಲ ಮೇಲಿಡು. ಆಮೆನ್.